ಐದು ಸೆಕೆಂಡಿನ ಗುಟ್ಟು: ಲಿನಕ್ಸ್‌ನಲ್ಲಿ ಬ್ರೌಸಿಂಗ್ ನಿಧಾನವಾದಾಗ ಎಲ್ಲಿ ನೋಡಬೇಕು?

ಹಾಸ್ಟೆಲ್‌ನಲ್ಲಿ ಯಾರಾದರೂ "ನನ್ನ ಲಿನಕ್ಸ್‌ನಲ್ಲಿ ನೆಟ್ ತುಂಬಾ ಸ್ಲೋ" ಅಂದರೆ ಸಾಕು, ಸಲಹೆಗಳ ಸುರಿಮಳೆ. ಕ್ಯಾಶ್ ಕ್ಲಿಯರ್ ಮಾಡು. ಬ್ರೌಸರ್ ಬದಲಾಯಿಸು. ಐಪಿವಿ6 ಆಫ್ ಮಾಡು. 8.8.8.8 ಹಾಕು. ಉಬುಂಟು ತೆಗೆದು ಮಿಂಟ್ ಹಾಕು. ಕೊನೆಗೆ, "ವಿಂಡೋಸ್‌ಗೇ ವಾಪಸ್ ಹೋಗು ಮಾರಾಯ, ಇಲ್ಲಾಂದ್ರೆ ಹೊಸ ಲ್ಯಾಪ್‌ಟಾಪ್ ತಗೋ." ಇವುಗಳಲ್ಲಿ ಒಂದೊಂದೂ ಯಾವುದೋ ಒಂದು ಕಾಯಿಲೆಗೆ ಮದ್ದೇ ಇರಬಹುದು. ಆದರೆ ನಾಡಿ ಹಿಡಿದು ನೋಡಿದವರು ಯಾರೂ ಇರುವುದಿಲ್ಲ. ಕೊನೆಯ ಸಲಹೆಗಂತೂ ಮೂವತ್ತು ನಲವತ್ತು ಸಾವಿರ ರೂಪಾಯಿ ಖರ್ಚು. ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡಿರುವವರಲ್ಲಿ ಎಷ್ಟೋ ಜನ ಅದನ್ನು ಹಾಕಿಕೊಂಡಿರುವುದೇ ಆ ದುಡ್ಡು ಇಲ್ಲ ಅಂತ.

ಹಾಗಾಗಿ ಈ ಲೇಖನದಲ್ಲಿ ನಾವು "ಹೀಗೆ ಮಾಡಿ, ಫಾಸ್ಟ್ ಆಗುತ್ತೆ" ಎನ್ನುವ ಪಟ್ಟಿ ಕೊಡುತ್ತಿಲ್ಲ. ಏನನ್ನೂ ಬದಲಾಯಿಸುವ ಮೊದಲು ಅಳೆಯುವುದು ಹೇಗೆ, ಅಳತೆಯಲ್ಲಿ ಬಂದ ಸಂಖ್ಯೆಯನ್ನು ಓದುವುದು ಹೇಗೆ ಅಂತ ನೋಡೋಣ. ಯಾಕೆಂದರೆ "ನಿಧಾನ" ಅನ್ನುವುದು ಒಂದೇ ಪದವಾದರೂ, ಕಾಯುವ ಜಾಗಗಳು ಐದಾರು ಇವೆ.

ಪುಟ ತೆರೆಯುವ ಮುನ್ನ ಆಗುವುದೇನು?

ವಿಳಾಸ ಟೈಪ್ ಮಾಡಿ ಎಂಟರ್ ಒತ್ತಿದ ಕೂಡಲೇ ಬ್ರೌಸರ್ ಆ ಹೆಸರಿಗೆ ಸಂಖ್ಯೆ ಯಾವುದು ಅಂತ ಕೇಳುತ್ತದೆ. ಇದು ಡಿಎನ್‌ಎಸ್ ಕೆಲಸ. ಸಂಖ್ಯೆ ಸಿಕ್ಕ ಮೇಲೆ ಆ ಸರ್ವರ್ ಜೊತೆ ಟಿಸಿಪಿ ಸಂಪರ್ಕ, ಅದರ ಮೇಲೆ ಟಿಎಲ್‌ಎಸ್ ಬೀಗ, ಆಮೇಲೆ "ಪುಟ ಕೊಡು" ಎನ್ನುವ ಕೋರಿಕೆ, ಆಮೇಲೆ ಮೊದಲ ಬೈಟ್. ಅಲ್ಲಿಂದ ಮುಂದೆ ಉಳಿದ ಬೈಟ್‌ಗಳು, ಚಿತ್ರಗಳು, ಸ್ಕ್ರಿಪ್ಟ್‌ಗಳು. ಕೊನೆಗೆ ಬಂದದ್ದನ್ನೆಲ್ಲ ಪರದೆ ಮೇಲೆ ಬಿಡಿಸುವ ಕೆಲಸ, ಅದು ಪೂರ್ತಿ ನಮ್ಮ ಪ್ರೊಸೆಸರ್ ಮತ್ತು ಮೆಮೊರಿಯ ತಲೆನೋವು.

ಇಲ್ಲಿ ಎಷ್ಟು ತಡ ಸಹಜ ಅನ್ನುವುದೂ ಗೊತ್ತಿರಬೇಕು. ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಬೆಂಗಳೂರಿನಿಂದ ಅಮೆರಿಕದ ಪೂರ್ವ ಕರಾವಳಿಗೆ 13,000 ಕಿಲೋಮೀಟರಿಗೂ ಹೆಚ್ಚು. ಹೋಗಿ ಬರುವುದಕ್ಕೇ 130 ಮಿಲಿಸೆಕೆಂಡ್ ಬೇಕು. ಕೇಬಲ್ ನೇರ ಗೆರೆಯಲ್ಲಿ ಹಾಸಿರುವುದಿಲ್ಲವಾದ್ದರಿಂದ 200 ದಾಟುವುದು ಸಾಮಾನ್ಯ. ಟಿಸಿಪಿಗೆ ಒಂದು ಸುತ್ತು, ಟಿಎಲ್‌ಎಸ್ 1.3 ಆದರೆ ಇನ್ನೊಂದು, ಕೋರಿಕೆಗೆ ಮತ್ತೊಂದು. ಅಂದರೆ ಅಲ್ಲೇ ಇರುವ ಸರ್ವರಿನಿಂದ ಮೊದಲ ಬೈಟ್ ಬರುವುದಕ್ಕೆ ಅರ್ಧ ಸೆಕೆಂಡಿನ ಮೇಲೆ. ಇದು ದೋಷ ಅಲ್ಲ, ಭೌತಶಾಸ್ತ್ರ. ಇದಕ್ಕೆ ಯಾವ ಡಿಸ್ಟ್ರೋ ಬದಲಾಯಿಸಿದರೂ ಪ್ರಯೋಜನವಿಲ್ಲ.

ಅಳೆಯುವ ಕೆಲಸಕ್ಕೆ ದೊಡ್ಡ ಸಾಧನ ಬೇಡ. ಫೈರ್‌ಫಾಕ್ಸ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬಿಗೆ ಹೋಗಿ, ಪುಟವನ್ನು ಮತ್ತೆ ತೆರೆಯಿರಿ. ಮೊದಲ ಸಾಲನ್ನು ಕ್ಲಿಕ್ ಮಾಡಿ ಟೈಮಿಂಗ್ಸ್ ನೋಡಿದರೆ ಡಿಎನ್‌ಎಸ್‌ಗೆ ಎಷ್ಟು, ಕನೆಕ್ಟಿಂಗ್‌ಗೆ ಎಷ್ಟು, ಟಿಎಲ್‌ಎಸ್‌ಗೆ ಎಷ್ಟು, ವೇಟಿಂಗ್ ಎಷ್ಟು, ರಿಸೀವಿಂಗ್ ಎಷ್ಟು ಅಂತ ಬೇರೆ ಬೇರೆಯಾಗಿ ಕಾಣುತ್ತದೆ. ಟರ್ಮಿನಲ್ ಇಷ್ಟಪಡುವವರಿಗೆ ಕರ್ಲ್ ಇದೆ. ಅದರ ಡಬ್ಲ್ಯೂ ಆಯ್ಕೆಗೆ ಟೈಮ್ ನೇಮ್‌ಲುಕಪ್, ಟೈಮ್ ಕನೆಕ್ಟ್, ಟೈಮ್ ಆಪ್‌ಕನೆಕ್ಟ್, ಟೈಮ್ ಸ್ಟಾರ್ಟ್‌ಟ್ರಾನ್ಸ್‌ಫರ್, ಟೈಮ್ ಟೋಟಲ್ ಎಂಬ ಐದು ಹೆಸರುಗಳನ್ನು ಕೊಟ್ಟರೆ (ಮ್ಯಾನ್ ಪುಟದಲ್ಲಿ ಬರೆಯುವ ಕ್ರಮ ಇದೆ) ಐದು ಸಂಖ್ಯೆ ಮುದ್ರಿಸುತ್ತದೆ. ಒಂದು ಎಚ್ಚರಿಕೆ: ಈ ಐದೂ ಆರಂಭದಿಂದ ಎಣಿಸಿದವು. ಕನೆಕ್ಟ್ 5.03 ಅಂತ ಬಂದರೆ ಸಂಪರ್ಕಕ್ಕೆ ಐದು ಸೆಕೆಂಡ್ ಆಯಿತು ಅಂತಲ್ಲ. ನೇಮ್‌ಲುಕಪ್ 5.01 ಇದ್ದರೆ ಸಂಪರ್ಕಕ್ಕೆ ಹಿಡಿದದ್ದು ಬರೀ 20 ಮಿಲಿಸೆಕೆಂಡ್. ಕಳೆದು ನೋಡಬೇಕು.

ಒಂದೇ ಸಲ ಅಳೆದು ಬಿಡಬೇಡಿ. ಐದಾರು ಸಲ, ಬೇರೆ ಬೇರೆ ತಾಣಗಳಿಗೆ, ಬೇರೆ ಬೇರೆ ಹೊತ್ತಿನಲ್ಲಿ ಅಳೆಯಿರಿ. ಜೊತೆಗೆ ಎರಡು ಅದಲುಬದಲು: ಅದೇ ವೈಫೈಯಲ್ಲಿ ನಿಮ್ಮ ಫೋನ್ ಹೇಗಿದೆ? ಅದೇ ಲ್ಯಾಪ್‌ಟಾಪ್ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಹೇಗಿದೆ? ಎರಡು ನಿಮಿಷದ ಕೆಲಸ, ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಗಡಿಯಾರ ನೋಡಿಕೊಂಡು ಬರುವ ತಡ

ಕಳೆದ ಸೆಮಿಸ್ಟರ್‌ನಲ್ಲಿ ಮೊದಲ ವರ್ಷದ ಜೂನಿಯರ್ ಒಬ್ಬ ನಮ್ಮ ಸಂಘದವರ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ತಂದಿದ್ದ. ಡೆಬಿಯನ್ ಹಾಕಿದ್ದ. ಯಾವ ಹೊಸ ತಾಣ ತೆರೆದರೂ ಸುಮ್ಮನೆ ಖಾಲಿ ಪುಟ, ಆಮೇಲೆ ದಿಢೀರನೆ ಎಲ್ಲ ಬರುತ್ತಿತ್ತು. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಒಂದೊಂದು ಹೆಜ್ಜೆಗೂ ಕಾದು ಕಾದು, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಸೆಷನ್ ಮುಗಿದುಹೋಗುತ್ತಿತ್ತು. ಎರಡು ಸಲ ಹೀಗಾಗಿತ್ತು. ಕೊನೆಯ ದಿನಕ್ಕೆ ನಾಲ್ಕೇ ದಿನ ಬಾಕಿ. ಮೆಷಿನ್ ಹಳೇದಾಗಿದೆ ಅಂತ ಎಲ್ಲರೂ ಹೇಳಿದ್ದರಿಂದ ಊರಲ್ಲಿ ಸೊಸೈಟಿಯಲ್ಲಿ ಸಾಲ ಕೇಳುವ ಮಾತೂ ಶುರುವಾಗಿತ್ತು.

ಫೋನ್ ಅದೇ ವೈಫೈಯಲ್ಲಿ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಹಾಟ್‌ಸ್ಪಾಟ್‌ನಲ್ಲಿ ಚೆನ್ನಾಗಿತ್ತು! ಅಂದರೆ ವೈಫೈಯೂ ಸರಿ, ಲ್ಯಾಪ್‌ಟಾಪೂ ಸರಿ, ಎರಡೂ ಸೇರಿದಾಗ ಮಾತ್ರ ತೊಂದರೆ. ಇಂಥ ಕಡೆ ಹಾರ್ಡ್‌ವೇರ್‌ಗಿಂತ ಮೊದಲು ಸೆಟ್ಟಿಂಗ್ ಮೇಲೆ ಅನುಮಾನ ಪಡಬೇಕು. ಕರ್ಲ್ ಓಡಿಸಿದೆವು. ನೇಮ್‌ಲುಕಪ್ 5.01. ಮತ್ತೆ ಓಡಿಸಿದೆವು, 5.01. ಬೇರೆ ತಾಣಕ್ಕೆ, 5.02. ಉಳಿದ ಎಲ್ಲ ಹಂತ ಸೇರಿ ಅರ್ಧ ಸೆಕೆಂಡೂ ಇಲ್ಲ.

ಸಂಖ್ಯೆಯನ್ನು ಓದಬೇಕು ಅಂದದ್ದು ಇದಕ್ಕೇ. ಟ್ರಾಫಿಕ್ ಜಾಮ್ ಯಾವತ್ತೂ ಗಡಿಯಾರ ನೋಡಿಕೊಂಡು ಬರುವುದಿಲ್ಲ. ನೆಟ್‌ವರ್ಕ್ ನಿಜವಾಗಿ ದಟ್ಟಣೆಯಿಂದ ನಿಧಾನವಾಗಿದ್ದರೆ ಒಮ್ಮೆ 1.3, ಒಮ್ಮೆ 4.8, ಒಮ್ಮೆ 0.6 ಅಂತ ಬರುತ್ತಿತ್ತು. ಪ್ರತಿ ಸಲವೂ ಐದು ಸೆಕೆಂಡ್ ಅಂದರೆ ಯಾರೋ ಪ್ರೋಗ್ರಾಂನಲ್ಲಿ ಬರೆದಿಟ್ಟ ಐದು. ಲಿನಕ್ಸ್‌ನಲ್ಲಿ ಹೆಸರು ಹುಡುಕುವ ಕೆಲಸವನ್ನು ಬಹಳಷ್ಟು ಪ್ರೋಗ್ರಾಂಗಳು ಜಿಲಿಬ್‌ಸಿ ಎಂಬ ಲೈಬ್ರರಿಗೆ ಒಪ್ಪಿಸುತ್ತವೆ. ಅದು ಇಟಿಸಿ ಫೋಲ್ಡರಿನ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಫೈಲ್ ಓದಿ, ಅಲ್ಲಿರುವ ಮೊದಲ ಸರ್ವರಿಗೆ ಕೇಳುತ್ತದೆ. ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು? ಬೇರೆ ಏನೂ ಹೇಳದಿದ್ದರೆ 5 ಸೆಕೆಂಡ್. ಆಮೇಲೆ ಎರಡನೆಯದಕ್ಕೆ. ಆ ಫೈಲಿನಲ್ಲಿ ಹೆಚ್ಚೆಂದರೆ 3 ಸರ್ವರ್‌ಗಳಿಗೆ ಜಾಗ. ಮೊದಲನೆಯದು ಸತ್ತಿದೆ ಅನ್ನುವುದನ್ನು ಅದು ನೆನಪಿಟ್ಟುಕೊಳ್ಳುವುದೂ ಇಲ್ಲ. ಮುಂದಿನ ಹೆಸರಿಗೆ ಮತ್ತೆ ಅದೇ ಮೊದಲ ಬಾಗಿಲು ತಟ್ಟಿ, ಮತ್ತೆ ಐದು ಸೆಕೆಂಡ್ ನಿಲ್ಲುತ್ತದೆ.

ಫೈಲ್ ತೆರೆದರೆ ಮೊದಲ ಸಾಲಿನಲ್ಲಿ 8.8.8.8, ಎರಡನೆಯದರಲ್ಲಿ ಹಾಸ್ಟೆಲ್‌ನ ಸರ್ವರ್. ಡಿಗ್ ಆದೇಶದಿಂದ ಎರಡನ್ನೂ ಬೇರೆ ಬೇರೆಯಾಗಿ ಕೇಳಿದೆವು. ಹಾಸ್ಟೆಲ್ ಸರ್ವರ್ 2 ಮಿಲಿಸೆಕೆಂಡಿನಲ್ಲಿ ಉತ್ತರ ಕೊಟ್ಟಿತು. 8.8.8.8 ಕಡೆಯಿಂದ ಸದ್ದೇ ಇಲ್ಲ. ಅದು ಗೂಗಲ್ 2009ರಲ್ಲಿ ಶುರು ಮಾಡಿದ ಸಾರ್ವಜನಿಕ ಡಿಎನ್‌ಎಸ್, ಒಳ್ಳೆಯ ಸೇವೆಯೇ. ಆದರೆ ಕ್ಯಾಂಪಸ್ ನೆಟ್‌ವರ್ಕ್‌ಗಳಲ್ಲಿ ಫಿಲ್ಟರಿಂಗ್ ಸಲುವಾಗಿ ಹೊರಗಿನ ಡಿಎನ್‌ಎಸ್‌ಗೆ ಹೋಗುವ ಪ್ಯಾಕೆಟ್‌ಗಳನ್ನು, ಅಂದರೆ 53ನೇ ಪೋರ್ಟನ್ನು, ಫೈರ್‌ವಾಲ್‌ನಲ್ಲಿ ತಡೆಯುವುದುಂಟು. ಅದೂ "ಇಲ್ಲ ಹೋಗು" ಅಂತ ಹೇಳದೆ, ಸುಮ್ಮನೆ ನುಂಗಿಬಿಡುವುದು. ಇಲ್ಲ ಅಂದಿದ್ದರೆ ತಕ್ಷಣ ಮುಂದಿನ ಸರ್ವರಿಗೆ ಹೋಗುತ್ತಿತ್ತು. ನುಂಗಿದ್ದರಿಂದ ಕಾಯಬೇಕಾಯಿತು. ಹಾಟ್‌ಸ್ಪಾಟ್‌ನಲ್ಲಿ ಆ ತಡೆ ಇಲ್ಲ, ಅದಕ್ಕೇ ಅಲ್ಲಿ ಸಲೀಸು.

8.8.8.8 ಬಂದದ್ದು ಹೇಗೆ ಅಂದರೆ, "ನೆಟ್ ಸ್ಪೀಡ್ ಹೆಚ್ಚಿಸಿ" ಎನ್ನುವ ಒಂದು ವಿಡಿಯೋದಿಂದ. ಊರಲ್ಲಿದ್ದಾಗ ಮಾಡಿದ್ದು. ಹಾಸ್ಟೆಲ್‌ಗೆ ಬಂದ ಮೇಲೆ ಏನೂ ತೆರೆಯದಿದ್ದಾಗ ರೂಮ್‌ಮೇಟ್ ಎರಡನೇ ಸಾಲು ಸೇರಿಸಿಕೊಟ್ಟಿದ್ದ. ಆಗ ತೆರೆಯಿತು, ಐದು ಸೆಕೆಂಡ್ ತಡವಾಗಿ. ಸಾಮಾನ್ಯವಾಗಿ ನೆಟ್‌ವರ್ಕ್‌ಮ್ಯಾನೇಜರ್ ಈ ಫೈಲನ್ನು ಪ್ರತಿ ಸಲ ಹೊಸದಾಗಿ ಬರೆಯುತ್ತದೆ, ಹಾಗಾಗಿ ತಪ್ಪು ತಾನಾಗಿಯೇ ಸರಿಹೋಗಬೇಕಿತ್ತು. ಹೋಗಿರಲಿಲ್ಲ. ಎಲ್‌ಎಸ್‌ಆಟ್ರ್ ಆದೇಶ ಕೊಟ್ಟಾಗ ಫೈಲಿನ ಮೇಲೆ ಐ ಎಂಬ ಗುರುತು ಕಂಡಿತು. ಚಾಟ್ರ್ ಬಳಸಿ ಯಾರೂ ತಿದ್ದದಂತೆ ಬೀಗ ಹಾಕಲು ಅದೇ ವಿಡಿಯೋದಲ್ಲಿ ಹೇಳಿದ್ದರಂತೆ! ಬೀಗ ತೆಗೆದು, ಫೈಲ್ ಅಳಿಸಿ, ನೆಟ್‌ವರ್ಕ್‌ಮ್ಯಾನೇಜರ್ ಮರುಪ್ರಾರಂಭಿಸಿದೆವು. ಕರ್ಲ್ ಮತ್ತೆ: ನೇಮ್‌ಲುಕಪ್ 0.004. ಅರ್ಜಿ ಅದೇ ಸಂಜೆ ಹೋಯಿತು.

ಒಂದು ಹೆಸರಿಗೆ ಐದು ಸೆಕೆಂಡ್ ಅಂದರೆ ಪುಟಕ್ಕೆ ಯಾಕೆ ಹದಿನೈದು ಇಪ್ಪತ್ತು ಆಗುತ್ತಿತ್ತು? ಈಗಿನ ಒಂದು ಪುಟ ಒಂದೇ ತಾಣದಿಂದ ಬರುವುದಿಲ್ಲ. ಫಾಂಟ್ ಒಂದು ಕಡೆಯಿಂದ, ಸ್ಕ್ರಿಪ್ಟ್ ಇನ್ನೊಂದು ಕಡೆಯಿಂದ, ಆ ಸ್ಕ್ರಿಪ್ಟ್ ಕರೆಯುವುದು ಮೂರನೆಯದನ್ನು. ಸರಪಳಿಯ ಒಂದೊಂದು ಕೊಂಡಿಗೂ ಒಂದೊಂದು ಐದು.

ಇದೇ ಕೆಲಸ ಉಬುಂಟುವಿನಲ್ಲಿ ಸ್ವಲ್ಪ ಬೇರೆ. ಅಲ್ಲಿ ಆ ಫೈಲ್ ತೆರೆದರೆ 127.0.0.53 ಮಾತ್ರ ಕಾಣುತ್ತದೆ. ಅದು ನಿಮ್ಮದೇ ಕಂಪ್ಯೂಟರಿನಲ್ಲಿ ಕೂತಿರುವ ಸಿಸ್ಟಂಡಿ-ರಿಸಾಲ್ವ್ಡ್. ನಿಜವಾದ ಸರ್ವರ್ ಯಾವುದೆಂದು ತಿಳಿಯಲು ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಅಂತ ಕೇಳಬೇಕು. ಆ ಫೈಲನ್ನು ಕೈಯಲ್ಲಿ ತಿದ್ದಲೇಬೇಡಿ. ಬದಲಾಯಿಸುವುದಿದ್ದರೆ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಆಯಾ ವೈಫೈಗೆ ಮಾತ್ರ ಬದಲಾಯಿಸಿ, ಮನೆಯದ್ದು ಮನೆಗೆ, ಹಾಸ್ಟೆಲ್‌ದು ಹಾಸ್ಟೆಲ್‌ಗೆ. ಟೈಮ್‌ಔಟ್ ಅನ್ನು ಐದರಿಂದ ಒಂದು ಸೆಕೆಂಡಿಗೆ ಇಳಿಸುವ ಆಯ್ಕೆಯೂ ಇದೆ. ನಮಗೆ ಅದು ಹಿಡಿಸುವುದಿಲ್ಲ, ಸತ್ತ ಸರ್ವರನ್ನು ತೆಗೆಯುವುದು ಬಿಟ್ಟು ಅದರ ಮುಂದೆ ಕಡಿಮೆ ಹೊತ್ತು ನಿಂತಂತೆ. ಇನ್ನೊಂದು ವಿಷಯ: ಫೈರ್‌ಫಾಕ್ಸ್‌ನಲ್ಲಿ ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್ ಆನ್ ಆಗಿದ್ದರೆ ಅದು ಈ ಫೈಲನ್ನು ಪಕ್ಕಕ್ಕಿಟ್ಟು ತನ್ನದೇ ದಾರಿ ಹಿಡಿಯುತ್ತದೆ. ಆಗ ಕರ್ಲ್ ಒಂದು ಹೇಳುತ್ತದೆ, ಬ್ರೌಸರ್ ಇನ್ನೊಂದು ಹೇಳುತ್ತದೆ. ಗೊಂದಲವಾದರೆ ಅಲ್ಲಿ ನೋಡಿ.

ಐದು ಸೆಕೆಂಡಿಗೆ ಇನ್ನೊಂದು ಕಾರಣವೂ ಇದೆ, ಇದು ಮೋಸದ್ದು. ಜಿಲಿಬ್‌ಸಿ ಒಂದೇ ಹೆಸರಿಗೆ ಐಪಿವಿ4 ವಿಳಾಸವನ್ನೂ ಐಪಿವಿ6 ವಿಳಾಸವನ್ನೂ ಒಟ್ಟಿಗೆ, ಒಂದೇ ಸಾಕೆಟ್‌ನಿಂದ ಕೇಳುತ್ತದೆ. ಕೆಲವು ರೌಟರ್‌ಗಳು ಎರಡರಲ್ಲಿ ಒಂದಕ್ಕೇ ಉತ್ತರ ಕೊಟ್ಟು ಸುಮ್ಮನಾಗುತ್ತವೆ. ಇನ್ನೊಂದಕ್ಕಾಗಿ ಲೈಬ್ರರಿ ಕಾಯುತ್ತದೆ. ಡಿಗ್ ಒಂದು ಸಲಕ್ಕೆ ಒಂದೇ ಬಗೆ ಕೇಳುವುದರಿಂದ ಅದರಲ್ಲಿ ಎಲ್ಲ ಸರಿಯಾಗಿ ಕಾಣುತ್ತದೆ, ಬ್ರೌಸರ್ ಮಾತ್ರ ನಿಧಾನ. ಇದಕ್ಕಂತಲೇ ಸಿಂಗಲ್-ರಿಕ್ವೆಸ್ಟ್-ರೀಓಪನ್ ಎಂಬ ಆಯ್ಕೆ ಇಟ್ಟಿದ್ದಾರೆ, ರಿಸಾಲ್ವ್ ಡಾಟ್ ಕಾನ್ಫ್‌ನ ಮ್ಯಾನ್ ಪುಟದಲ್ಲಿ ವಿವರವಿದೆ.

ಬೇರೆ ಸಂಖ್ಯೆಗಳು, ಬೇರೆ ಸುಳಿವುಗಳು

ನೇಮ್‌ಲುಕಪ್ ಬೇಗ ಮುಗಿದು, ಕನೆಕ್ಟ್ ಹಂತದಲ್ಲಿ ಆಗಾಗ ಸರಿಯಾಗಿ 1 ಸೆಕೆಂಡ್ ಅಥವಾ 3 ಸೆಕೆಂಡ್ ಹೆಚ್ಚಾದರೆ ಪ್ಯಾಕೆಟ್ ಕಳೆದುಹೋಗುತ್ತಿದೆ ಎಂದರ್ಥ. ಟಿಸಿಪಿಯ ಮೊದಲ ಪ್ಯಾಕೆಟ್‌ಗೆ ಉತ್ತರ ಬರದಿದ್ದರೆ ಲಿನಕ್ಸ್ 1 ಸೆಕೆಂಡ್ ಕಾದು ಮತ್ತೆ ಕಳಿಸುತ್ತದೆ. ಹಳೆಯ ಕರ್ನೆಲ್‌ಗಳು ಆಮೇಲೆ 2, ಆಮೇಲೆ 4 ಅಂತ ಇಮ್ಮಡಿ ಮಾಡುತ್ತಾ ಹೋಗುತ್ತವೆ, ಅದಕ್ಕೇ ಒಟ್ಟು 1, 3, 7 ಅಂತ ಕಾಣುವುದು. ಹೊಸ ಕರ್ನೆಲ್‌ಗಳು ಮೊದಮೊದಲು ಒಂದೊಂದೇ ಸೆಕೆಂಡಿಗೆ ಪ್ರಯತ್ನಿಸುತ್ತವೆ.

"ಐಪಿವಿ6 ಆಫ್ ಮಾಡು" ಎನ್ನುವ ಸಲಹೆ ಹುಟ್ಟಿದ್ದು ಐಪಿವಿ6 ದಾರಿ ಅರ್ಧಕ್ಕೇ ನಿಂತುಹೋಗಿರುವ ನೆಟ್‌ವರ್ಕ್‌ಗಳಿಂದ. ಕರ್ಲ್‌ಗೆ ಒಮ್ಮೆ 4, ಒಮ್ಮೆ 6 ಎಂಬ ಆಯ್ಕೆ ಕೊಟ್ಟು ಹೋಲಿಸಿ. 6ರಲ್ಲಿ ಮಾತ್ರ ನೇತಾಡಿದರೆ ಅನುಮಾನ ನಿಜ. ಆಗಲೂ ಇಡೀ ಕಂಪ್ಯೂಟರಿನಲ್ಲಿ ಅದನ್ನು ಕಿತ್ತುಹಾಕುವ ಬದಲು ಆ ಒಂದು ವೈಫೈಗೆ ಮಾತ್ರ ನಿಲ್ಲಿಸಿ. ಜಿಯೋದಂಥ ಮೊಬೈಲ್ ಜಾಲಗಳು ಐಪಿವಿ6 ಮೇಲೇ ನಡೆಯುತ್ತವೆ, ನಾಳೆ ಹಾಟ್‌ಸ್ಪಾಟ್ ಹಾಕಿದಾಗ ಅದು ಬೇಕಾಗುತ್ತದೆ. ಅಂದಹಾಗೆ, ಬ್ರೌಸರ್‌ಗಳು ಎರಡೂ ದಾರಿಗಳನ್ನು ಸ್ವಲ್ಪ ಅಂತರದಲ್ಲಿ ಪ್ರಯತ್ನಿಸಿ ಮೊದಲು ತೆರೆದದ್ದನ್ನು ಹಿಡಿಯುತ್ತವೆ. 2017ರ ಆರ್‌ಎಫ್‌ಸಿ 8305 ಆ ಅಂತರಕ್ಕೆ 250 ಮಿಲಿಸೆಕೆಂಡ್ ಸೂಚಿಸುತ್ತದೆ. ಈ ವಿಧಾನದ ಹೆಸರು ಹ್ಯಾಪಿ ಐಬಾಲ್ಸ್, ಅಂದರೆ ಖುಷಿಯಾದ ಕಣ್ಣುಗುಡ್ಡೆಗಳು. ಆರ್‌ಎಫ್‌ಸಿ ಬರೆಯುವವರಿಗೂ ಒಂದೊಂದು ಸಲ ತಮಾಷೆ ಬರುತ್ತೆ.

ಕೆಲವೇ ಕೆಲವು ತಾಣಗಳು ಟಿಎಲ್‌ಎಸ್ ಹಂತದಲ್ಲಿ ನೇತಾಡಿ, ಉಳಿದವು ಸಲೀಸಾಗಿ ತೆರೆದರೆ ಎಂಟಿಯು ನೋಡಿ. ಈಥರ್ನೆಟ್ ಪ್ಯಾಕೆಟ್ 1500 ಬೈಟ್. ಪಿಪಿಪಿಒಇ ಬ್ರಾಡ್‌ಬ್ಯಾಂಡ್ ಅದರಲ್ಲಿ 8 ಬೈಟ್ ತಾನಿಟ್ಟುಕೊಂಡು 1492 ಬಿಡುತ್ತದೆ. ದೊಡ್ಡ ಪ್ಯಾಕೆಟ್ ದಾರಿಯಲ್ಲಿ ಸಿಕ್ಕಿಹಾಕಿಕೊಂಡು, ಆ ಸುದ್ದಿ ಹೊತ್ತ ಐಸಿಎಂಪಿ ಪ್ಯಾಕೆಟನ್ನೂ ಯಾವುದೋ ಫೈರ್‌ವಾಲ್ ತಡೆದರೆ ಸಂಪರ್ಕ ಮೂಕವಾಗುತ್ತದೆ. ಪಿಂಗ್‌ಗೆ ತುಂಡು ಮಾಡಬೇಡ ಎಂಬ ಆಯ್ಕೆ ಕೊಟ್ಟು 1472 ಮತ್ತು 1464 ಗಾತ್ರಗಳನ್ನು ಕಳಿಸಿ ನೋಡಿ. ಹೆಡರ್‌ಗಳ 28 ಸೇರಿಸಿದರೆ 1500 ಮತ್ತು 1492 ಆಗುತ್ತವೆ. ಎರಡನೆಯದು ಮಾತ್ರ ಹೋದರೆ ಉತ್ತರ ಸಿಕ್ಕಿತು.

ವೈಫೈ ನಿದ್ದೆ

ಲ್ಯಾಪ್‌ಟಾಪ್‌ಗಳಲ್ಲಿ ತುಂಬಾ ಸಾಮಾನ್ಯವಾದದ್ದು ಇದು. ಮೊದಲು ಹೊರಗಿನ ಯಾವ ತಾಣಕ್ಕೂ ಅಲ್ಲ, ನಿಮ್ಮದೇ ರೌಟರಿಗೆ ಪಿಂಗ್ ಮಾಡಿ. ಐಪಿ ರೂಟ್ ಆದೇಶದಲ್ಲಿ ಡೀಫಾಲ್ಟ್ ಎಂಬ ಸಾಲಿನಲ್ಲಿರುವ ವಿಳಾಸವೇ ಅದು. ಒಂದೇ ಕೋಣೆಯಲ್ಲಿದ್ದರೆ 2, 3, 4 ಮಿಲಿಸೆಕೆಂಡ್ ಬರಬೇಕು. 3, 98, 4, 187, 60 ಅಂತ ಕುಣಿಯುತ್ತಿದ್ದರೆ ವೈಫೈ ಕಾರ್ಡ್ ಬ್ಯಾಟರಿ ಉಳಿಸಲು ನಡುನಡುವೆ ನಿದ್ದೆ ಮಾಡುತ್ತಿರಬಹುದು. ಮಲಗಿದ ಕಾರ್ಡ್ ರೌಟರಿನ ಬೀಕನ್ ಬರುವಾಗ ಎದ್ದು, ನನಗೇನಾದರೂ ಬಂದಿದೆಯಾ ಅಂತ ಕೇಳುತ್ತದೆ. ಬೀಕನ್ ಬರುವುದು ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ. ನೂರು, ಇನ್ನೂರರ ಆಸುಪಾಸಿನ ಸಂಖ್ಯೆಗಳು ಅಲ್ಲಿಂದಲೇ ಬರುವುದು.

ಐಡಬ್ಲ್ಯೂ ಆದೇಶದಿಂದ ಪವರ್ ಸೇವ್ ಸದ್ಯಕ್ಕೆ ಆಫ್ ಮಾಡಿ ಮತ್ತೆ ಪಿಂಗ್ ಮಾಡಿ. ಕುಣಿತ ನಿಂತರೆ ಶಾಶ್ವತ ಮಾಡಬಹುದು: ನೆಟ್‌ವರ್ಕ್‌ಮ್ಯಾನೇಜರ್‌ನ ಕಾನ್ಫ್ ಡಾಟ್ ಡಿ ಫೋಲ್ಡರಿನಲ್ಲಿ ವೈಫೈ ಪವರ್‌ಸೇವ್ ಬೆಲೆ 3 ಇದ್ದರೆ ಆನ್, 2 ಇದ್ದರೆ ಆಫ್. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಆಯ್ಕೆ ನಿಮ್ಮದು. ನಿಲ್ಲದಿದ್ದರೆ ಅಕ್ಕಪಕ್ಕದ ಗದ್ದಲ ಇರಬಹುದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಬ್ಲೂಟೂತ್ ಕೂಡ ಅಲ್ಲೇ ಮಾತಾಡುತ್ತದೆ. ಕಾರ್ಡ್‌ಗೆ ಸಾಧ್ಯವಿದ್ದರೆ 5 ಗಿಗಾಹರ್ಟ್ಸ್‌ಗೆ ಹೋಗಿ.

ನೆಟ್ ನಿರಪರಾಧಿ ಆಗಿರುವಾಗ

ಎಲ್ಲ ಅಳತೆಯೂ ಚೆನ್ನಾಗಿದ್ದು ಪುಟ ಮಾತ್ರ ತೆವಳುತ್ತಿದ್ದರೆ ಕಂಪ್ಯೂಟರ್ ಒಳಗೇ ನೋಡಿ. ಫ್ರೀ ಆದೇಶದಲ್ಲಿ "ಫ್ರೀ" ಕಾಲಂ ನೋಡಿ ಗಾಬರಿಯಾಗಬೇಡಿ, ಖಾಲಿ ಇರುವ ಮೆಮೊರಿಯನ್ನು ಲಿನಕ್ಸ್ ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ. ನೋಡಬೇಕಾದ್ದು "ಅವೈಲಬಲ್". ವಿಎಂಸ್ಟ್ಯಾಟ್ ಅನ್ನು ಸೆಕೆಂಡಿಗೊಮ್ಮೆ ಓಡಿಸಿ ಎಸ್‌ಐ, ಎಸ್‌ಒ ಕಾಲಂಗಳಲ್ಲಿ ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಸತತವಾಗಿ ಬರುತ್ತಿದ್ದರೆ ಮೆಮೊರಿ ಸಾಲದೆ ಡಿಸ್ಕಿಗೆ ಓಡಾಟ ನಡೆದಿದೆ. 4 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕ್, ಮೂವತ್ತು ಟ್ಯಾಬ್ ಇದ್ದರೆ ಇದು ಖಂಡಿತ. ಫೈರ್‌ಫಾಕ್ಸ್‌ನ ಅಬೌಟ್ ಪ್ರೊಸೆಸಸ್ ಪುಟದಲ್ಲಿ ಯಾವ ಟ್ಯಾಬ್ ಎಷ್ಟು ತಿನ್ನುತ್ತಿದೆ ಕಾಣುತ್ತದೆ. ಇಂಥ ಮೆಷಿನ್‌ಗೆ ದುಡ್ಡು ಹಾಕುವುದೇ ಆದರೆ ಒಂದು ಎಸ್‌ಎಸ್‌ಡಿ, ಆಮೇಲೆ ಮೆಮೊರಿ. ಹೊಸ ಲ್ಯಾಪ್‌ಟಾಪ್ ಮಾತು ಅದಾದ ಮೇಲೆ.

ಸ್ಕ್ರೋಲ್ ಮಾಡುವಾಗ, ವಿಡಿಯೋ ನೋಡುವಾಗ ಮಾತ್ರ ಎಳೆಯುತ್ತಿದ್ದರೆ ಅಬೌಟ್ ಸಪೋರ್ಟ್ ಪುಟದಲ್ಲಿ ಕಂಪೋಸಿಟಿಂಗ್ ಎದುರು "ಸಾಫ್ಟ್‌ವೇರ್" ಎಂಬ ಪದ ಇದೆಯಾ ನೋಡಿ. ಇದ್ದರೆ ಗ್ರಾಫಿಕ್ಸ್ ಡ್ರೈವರ್ ಸಿಗದೆ ಎಲ್ಲವನ್ನೂ ಪ್ರೊಸೆಸರೇ ಬಿಡಿಸುತ್ತಿದೆ. ಉಬುಂಟು 22.04ರ ನಂತರ ಫೈರ್‌ಫಾಕ್ಸ್ ಸ್ನ್ಯಾಪ್ ರೂಪದಲ್ಲಿ ಬರುವುದರಿಂದ ಕಂಪ್ಯೂಟರ್ ಆನ್ ಮಾಡಿದ ಮೇಲೆ ಮೊದಲ ಸಲ ತೆರೆಯುವುದು ತಡ. ಅದಕ್ಕೂ ನೆಟ್‌ಗೂ ಸಂಬಂಧವಿಲ್ಲ.

ರಾತ್ರಿ ಹತ್ತರ ಕ್ಯೂ

ಬೆಳಗ್ಗೆ ಚೆನ್ನಾಗಿದ್ದು ರಾತ್ರಿ ಮಾತ್ರ ಸಾಯುವ ನೆಟ್ ಬೇರೆ ಕಥೆ. ಇಲ್ಲಿ ಸಂಖ್ಯೆಗಳು ಗುಂಡಾಗಿ ಬರುವುದಿಲ್ಲ. ಹೊರಗಿನ ಒಂದು ವಿಳಾಸಕ್ಕೆ ಪಿಂಗ್ ಓಡಿಸುತ್ತಾ, ಇನ್ನೊಂದು ಕಡೆ ದೊಡ್ಡ ಫೈಲ್ ಒಂದನ್ನು ಅಪ್‌ಲೋಡ್ ಮಾಡಿ. 25 ಮಿಲಿಸೆಕೆಂಡ್ ಇದ್ದದ್ದು 600ಕ್ಕೆ ಏರಿದರೆ ಅದರ ಹೆಸರು ಬಫರ್‌ಬ್ಲೋಟ್. ರೌಟರಿನಲ್ಲಿ ಸಾಲು ನಿಲ್ಲಲು ಜಾಗ ಜಾಸ್ತಿ ಇದ್ದರೆ, ಟೋಲ್‌ಗೇಟ್‌ನಲ್ಲಿ ಲಾರಿಗಳ ಹಿಂದೆ ನಿಂತ ಸ್ಕೂಟರಿನಂತೆ ಪುಟ್ಟ ಡಿಎನ್‌ಎಸ್ ಪ್ಯಾಕೆಟ್ ಯಾರದೋ ಫೋಟೋ ಬ್ಯಾಕಪ್‌ನ ಹಿಂದೆ ನಿಲ್ಲುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಸ್ಪೀಡ್ ಚೆನ್ನಾಗಿಯೇ ಇರುತ್ತದೆ, ಅದೇ ವಿಚಿತ್ರ.

ಇದಕ್ಕೆ ಮದ್ದು 2012ರಲ್ಲೇ ಸಿಕ್ಕಿದೆ. ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಕ್ರಮ ಪ್ರಕಟಿಸಿದರು, ಅದೇ ವರ್ಷ ಅದರ ಎಫ್‌ಕ್ಯೂ-ಕೋಡೆಲ್ ರೂಪ ಲಿನಕ್ಸ್ 3.5ಕ್ಕೆ ಬಂತು. ಸ್ಕೂಟರ್‌ಗಳಿಗೆ ಬೇರೆ ಸಾಲು, ಬಹಳ ಹೊತ್ತು ನಿಂತ ಲಾರಿಗೆ ವಾಪಸ್ ಕಳಿಸುವ ಎಚ್ಚರಿಕೆ, ಇಷ್ಟೇ ಸೂತ್ರ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಹುಶಃ ಇದು ಈಗಾಗಲೇ ಇದೆ. ಆದರೆ ಸಾಲು ಬೆಳೆಯುವುದು ದಾರಿ ಕಿರಿದಾಗುವ ಜಾಗದಲ್ಲಿ, ಅಂದರೆ ಹಾಸ್ಟೆಲ್‌ನ ರೌಟರಿನಲ್ಲಿ. ಅದಕ್ಕೆ ನಮ್ಮ ಕೈ ಎಟುಕುವುದಿಲ್ಲ, ದೂರು ಕೊಡಬೇಕು.

"ನೆಟ್ ಸ್ಲೋ ಇದೆ ಸರ್" ಅಂತ ಬರೆದ ದೂರಿಗೆ "ರೀಸ್ಟಾರ್ಟ್ ಮಾಡಿ ನೋಡಿ" ಎನ್ನುವುದೇ ಉತ್ತರ. ಬದಲಿಗೆ ನಾಲ್ಕು ಸಾಲು ಬರೆಯಿರಿ: ರೌಟರಿಗೆ ಪಿಂಗ್ ಎಷ್ಟು, ಹೊರಗಿನ ವಿಳಾಸಕ್ಕೆ ಎಷ್ಟು, ಡಿಗ್‌ನಲ್ಲಿ ಕ್ವೆರಿ ಟೈಮ್ ಎಷ್ಟು, ಕರ್ಲ್‌ನ ಐದು ಸಂಖ್ಯೆ ಯಾವುವು. ಅದೇ ನಾಲ್ಕು ಸಾಲು ಬೆಳಗ್ಗೆ ಆರಕ್ಕೆ ಒಂದು, ರಾತ್ರಿ ಹತ್ತಕ್ಕೆ ಒಂದು, ಮೂರು ದಿನ. ಯಾವ ಬ್ಲಾಕ್, ಯಾವ ಮಹಡಿ, 2.4ರಲ್ಲೋ 5ರಲ್ಲೋ ಅನ್ನುವುದನ್ನೂ ಸೇರಿಸಿ. ಪಕ್ಕದ ರೂಮಿನ ವಿಂಡೋಸ್ ಲ್ಯಾಪ್‌ಟಾಪ್‌ನಿಂದಲೂ ಒಂದು ಪಿಂಗ್ ಅಳತೆ ತೆಗೆದು ಜೊತೆಗಿಡಿ, "ನಿಮ್ಮದು ಲಿನಕ್ಸ್ ಅಲ್ವಾ, ಅದಕ್ಕೇ" ಎನ್ನುವ ಉತ್ತರ ಬರದಂತೆ.